ಸಂಡೇ ಸ್ಕೂಲ್ ಬಿಟ್ಟ ಮೇಲೆ ಸಭೆಯಲ್ಲಿ ನನ್ನ ಕೆಲಸ ಏನು?

ಪ್ರಶ್ನೆ: ಕರ್ತನಲ್ಲಿ ವಂದನೆಗಳು ಸರ್. ನನಗೀಗ 63 ವರ್ಷ. ತವರು ಬೆಟಗೇರಿ, ಮದುವೆಯಾಗಿ ಹುಬ್ಬಳ್ಳಿಗೆ ಬಂದವಳು. ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಸುಮಾರು ಮೂವತ್ತು ವರ್ಷ ಸಂಡೇ ಸ್ಕೂಲ್ ಕಲಿಸಿದ್ದೇನೆ. ಈ ಜೂನ್‌ನಲ್ಲಿ ಕಮಿಟಿಯವರು "ಇನ್ನ ನೀವು ಆರಾಮ ಇರ್ರಿ ಅಕ್ಕಾರ, ಹುಡುಗರು ನೋಡ್ಕೋತಾರ" ಅಂದರು. ಶಾಲು ಹೊದಿಸಿ ಚಪ್ಪಾಳೆ ತಟ್ಟಿದರು. ಮೊಣಕಾಲು ನೋವು ಇರೋದು ನಿಜ. ಆದರೆ ಭಾನುವಾರ ಬಂತೆಂದರೆ ಹೊಟ್ಟೆಯಲ್ಲಿ ಏನೋ ಸಂಕಟ. ಸೊಸೆಗೆ ಎಂಟು ತಿಂಗಳ ಕೂಸಿದೆ. ಅವಳು ಯಾವ ಕೂಟಕ್ಕೂ ಬರೋದಿಲ್ಲ, ಸಭೆಯಲ್ಲಿ ನಾಲ್ಕು ಮಂದಿ ಮಾತಾಡುತ್ತಾರೆ. ಮಗ ಬ್ಯಾಂಕಿನಲ್ಲಿದ್ದಾನೆ, ಕಾಣಿಕೆ ಕೊಟ್ಟು ಸುಮ್ಮನಾಗುತ್ತಾನೆ. ನಮ್ಮಲ್ಲೇ ಇದ್ದು ಓದೋ ಮಗಳ ಮಗ ಒಂಬತ್ತನೇ ಕ್ಲಾಸು. ಕ್ರಿಸ್‌ಮಸ್ ಡ್ಯಾನ್ಸಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಅವನಿಗೆ ಹುರುಪಿಲ್ಲ. ಅತ್ತೆಗೆ 88, ಹಾಸಿಗೆ ಹಿಡಿದಿದ್ದಾರೆ. ಸರ್, ದೇವರ ಸೇವೆಗೆ ವಯಸ್ಸಿನ ಮಿತಿ ಇದೆಯಾ? ನಮ್ಮ ಮನೆಯಲ್ಲಿ ಈಗ ಸೇವೆ ಮಾಡೋರು ಯಾರೂ ಇಲ್ಲವಲ್ಲ ಅಂತ ಅಳು ಬರುತ್ತೆ.

ಉತ್ತರ: ಅಕ್ಕಾವ್ರೇ, ವಂದನೆಗಳು. ಮೊದಲು ನೀವು ಕೇಳಿದ್ದಕ್ಕೆ ನೇರವಾಗಿ ಉತ್ತರ ಹೇಳಿಬಿಡುತ್ತೇನೆ. ಕೆಲವು ಕೆಲಸಗಳಿಗೆ ವಯಸ್ಸಿನ ಮಿತಿ ಇದೆ. ಸೇವೆಗೆ ಇಲ್ಲ. ನಿಮ್ಮನ್ನು ಸಮಾಧಾನ ಮಾಡಲಿಕ್ಕೆ ಹೀಗೆ ಹೇಳುತ್ತಿಲ್ಲ. ಸತ್ಯವೇದದಲ್ಲೇ ಇದು ಸ್ಪಷ್ಟವಾಗಿದೆ.

ಅರಣ್ಯಕಾಂಡ 8ನೇ ಅಧ್ಯಾಯದ ಕೊನೆಯ ಮೂರು ವಚನ ಓದಿ. ಲೇವಿಯರು, ಅಂದರೆ ಇಸ್ರಾಯೇಲರಲ್ಲಿ ದೇವರ ಸೇವೆಗೆ ಮೀಸಲಾದ ಕುಲದವರು, 25ನೇ ವಯಸ್ಸಿಗೆ ದೇವದರ್ಶನದ ಗುಡಾರದ (ಆರಾಧನೆಯ ಡೇರೆಯ) ಕೆಲಸಕ್ಕೆ ಸೇರಬೇಕು, 50 ತುಂಬಿದ ಮೇಲೆ ಬಿಡಬೇಕು ಅಂತ ಅಲ್ಲಿದೆ. ಯಾಕೆ 50? ಆ ಕೆಲಸ ಎಂಥದ್ದು ಅಂತ ನೋಡಿದರೆ ಗೊತ್ತಾಗುತ್ತೆ. ಜನ ಅರಣ್ಯದಲ್ಲಿ ಹೊರಟಾಗಲೆಲ್ಲ ಗುಡಾರ ಬಿಚ್ಚಬೇಕು, ಹಲಗೆ, ಕಂಬ, ಪರದೆ ಎಲ್ಲ ಸಾಗಿಸಬೇಕು, ಇಳಿದ ಕಡೆ ಮತ್ತೆ ನಿಲ್ಲಿಸಬೇಕು. ಲೇವಿಯರಲ್ಲಿ ಮೆರಾರಿಯ ಮನೆತನಕ್ಕೆ 4 ಬಂಡಿ, 8 ಎತ್ತು ಕೊಟ್ಟಿದ್ದರು. ಗೇರ್ಷೋನನ ಮನೆತನಕ್ಕೆ 2 ಬಂಡಿ, 4 ಎತ್ತು. ಕೆಹಾತನ ಮನೆತನಕ್ಕೆ ಒಂದು ಬಂಡಿಯೂ ಇಲ್ಲ. ದೇವರ ಆಜ್ಞೆಗಳ ಹಲಗೆಗಳಿದ್ದ ಮಂಜೂಷ ಮತ್ತು ಪವಿತ್ರ ಸಾಮಾನುಗಳನ್ನು ಅವರು ಹೆಗಲ ಮೇಲೇ ಹೊರಬೇಕಿತ್ತು. ಅಂಥ ಭಾರವನ್ನು 60, 70ರವರ ಹೆಗಲಿಗೆ ಹಾಕೋದು ಬೇಡ ಅಂತ ದೇವರೇ ಇಳಿಸಿದ. ಅದು ಕರುಣೆ. ನಿಮ್ಮ ಮೊಣಕಾಲಿನ ವಿಷಯದಲ್ಲಿ ಕಮಿಟಿಯವರು ಮಾಡಿದ್ದೂ ಅದೇ ಅಂತ ತಿಳಿದುಕೊಳ್ಳಿ. ಅವರ ಮೇಲೆ ಬೇಸರ ಬೇಡ.

ಆದರೆ ಮಾತು ಅಲ್ಲಿಗೆ ಮುಗಿದಿಲ್ಲ. ಕೆಲಸ ಬಿಟ್ಟವರು ಗುಡಾರದಲ್ಲೇ ತಮ್ಮ ಸಹೋದರರ ಜೊತೆಗಿದ್ದು ಅವರಿಗೆ ನೆರವಾಗಬಹುದು, ಹೊರುವ ಕೆಲಸ ಮಾತ್ರ ಮಾಡಬಾರದು ಅಂತ 26ನೇ ವಚನದಲ್ಲಿದೆ. ಅಂದರೆ ಭಾರ ಇಳಿಸಿದರು, ಮನುಷ್ಯನನ್ನು ಹೊರಗೆ ಕಳಿಸಲಿಲ್ಲ. ನಿಮ್ಮ ಕಮಿಟಿ 25ನೇ ವಚನ ಪಾಲಿಸಿದೆ, 26ನ್ನು ಬಿಟ್ಟಿದೆ. ನಮ್ಮ ಬಹಳಷ್ಟು ಸಭೆಗಳಲ್ಲಿ ಆಗುತ್ತಿರೋದು ಇದೇ. ಶಾಲು ಹೊದಿಸುತ್ತೇವೆ, ಫೋಟೋ ತೆಗೆಯುತ್ತೇವೆ, ಮುಂದಿನ ಭಾನುವಾರ ಅವರು ಎಲ್ಲಿ ಕೂತರು ಅಂತಲೂ ನೋಡೋದಿಲ್ಲ.

ಇನ್ನೊಂದು ವಿಷಯ. ಈ ವಯಸ್ಸಿನ ಲೆಕ್ಕವೂ ಶಾಶ್ವತ ಅಲ್ಲ. ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕ, 23ನೇ ಅಧ್ಯಾಯದಲ್ಲಿ ದಾವೀದ ಅದನ್ನು ಬದಲಿಸಿ, 20 ವರ್ಷದವರನ್ನೂ ಸೇರಿಸಿಕೊಳ್ಳುತ್ತಾನೆ. ಕಾರಣವೂ ಅಲ್ಲೇ ಇದೆ: ಜನ ಒಂದು ಕಡೆ ನೆಲೆ ನಿಂತರು, ಇನ್ನು ಗುಡಾರ ಹೊರೋದು ಬೇಕಿಲ್ಲ. ಆಮೇಲೆ ಹೊಸ ಕೆಲಸಗಳ ಪಟ್ಟಿ ಬರುತ್ತೆ. ಅಂಗಳ ನೋಡಿಕೊಳ್ಳೋದು, ರೊಟ್ಟಿಯ ಹಿಟ್ಟು ಸಿದ್ಧ ಮಾಡೋದು, ಅಳತೆ ತೂಕ ಪರೀಕ್ಷಿಸೋದು, ಬೆಳಿಗ್ಗೆ ಸಂಜೆ ನಿಂತು ಸ್ತೋತ್ರ ಮಾಡೋದು. ಕೆಲಸ ಬದಲಾದಾಗ ಅದಕ್ಕೆ ಯಾರು ಬೇಕು ಅನ್ನೋದೂ ಬದಲಾಯಿತು. ಹಾಗಾಗಿ "ನನ್ನ ಕೆಲಸ ಹೋಯಿತು" ಅಂತ ಕೂರುವ ಮೊದಲು "ಈಗ ನಮ್ಮ ಸಭೆಯಲ್ಲಿ ಎಂಥ ಭಾರ ಇದೆ, ಅದು ಯಾರ ಹೆಗಲಿಗೆ ಸರಿಹೋಗುತ್ತೆ" ಅಂತ ಕೇಳಬೇಕು.

ನಿಮ್ಮ ಮನೆಯ ಲೆಕ್ಕ ಹಾಕೋಣ. ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದ ಮಾತೊಂದಿದೆ. "ಅತ್ತೆಗೆ 88, ಹಾಸಿಗೆ ಹಿಡಿದಿದ್ದಾರೆ." ಅಕ್ಕಾವ್ರೇ, ಅವರಿಗೆ ಮೈ ಒರೆಸೋರು ಯಾರು? ಬೆನ್ನು ಹುಣ್ಣಾಗದ ಹಾಗೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸೋರು ಯಾರು? ಗಂಜಿ ಕುಡಿಸೋರು, ಬಟ್ಟೆ ಬದಲಿಸೋರು ಯಾರು? ನೀವು ಬರೆದಿಲ್ಲ. ಆದರೆ ನಮ್ಮ ಕಡೆಯ ಮನೆಗಳು ನನಗೆ ಗೊತ್ತು. ಅದು ನೀವೇ, ನಿಮ್ಮ ಕೈಗೆ ಸೊಸೆ. ತಿಮೊಥೆಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಪೌಲ, ಮಕ್ಕಳು ಮೊಮ್ಮಕ್ಕಳು ಮೊದಲು ತಮ್ಮ ಮನೆಯಲ್ಲಿ ಭಕ್ತಿ ತೋರಿಸಲಿ, ಹೆತ್ತವರ ಋಣ ತೀರಿಸಲಿ, ಅದು ದೇವರಿಗೆ ಮೆಚ್ಚುಗೆ ಅನ್ನುತ್ತಾನೆ. ಅಲ್ಲೇ ಇನ್ನೊಂದು ವ್ಯವಸ್ಥೆ ಇದೆ. 60 ದಾಟಿದ ವಿಧವೆಯರ ಹೆಸರನ್ನು ಸಭೆಯ ಪಟ್ಟಿಗೆ ಬರೆದುಕೊಳ್ಳುತ್ತಿದ್ದರು. ಬರೆದುಕೊಳ್ಳುವ ಮೊದಲು ಏನು ನೋಡುತ್ತಿದ್ದರು? ಮಕ್ಕಳನ್ನು ಸಾಕಿದ್ದಾಳಾ, ಬಂದವರಿಗೆ ಅನ್ನ ಹಾಕಿದ್ದಾಳಾ, ದೇವಜನರ ಪಾದ ತೊಳೆದಿದ್ದಾಳಾ, ಕಷ್ಟದಲ್ಲಿದ್ದವರಿಗೆ ನೆರವಾಗಿದ್ದಾಳಾ. ಎಲ್ಲ ಮನೆಯ ಹೊಸಿಲ ಒಳಗಿನ ಕೆಲಸ. ವೇದಿಕೆಯ ಮೇಲಿನದು ಒಂದೂ ಇಲ್ಲ. ನಿಮ್ಮ ಮನೆಯಲ್ಲಿ ಸೇವೆ ಮಾಡೋರು ಯಾರೂ ಇಲ್ಲ ಅನ್ನೋ ಮಾತನ್ನು ಹಾಗಾಗಿ ನಾನು ಒಪ್ಪೋದಿಲ್ಲ. ಸಭೆಯೇ ಬಂದು ನಿಮ್ಮ ಕೈ ಹಗುರ ಮಾಡಬೇಕು. ವಾರಕ್ಕೆ ಒಂದು ಮಧ್ಯಾಹ್ನ ಸ್ತ್ರೀಯರ ಕೂಟದಿಂದ ಒಬ್ಬರು ಬಂದು ಅತ್ತೆಯ ಹತ್ತಿರ ಕೂರಲಿ, ನೀವು ಎರಡು ತಾಸು ಹೊರಗೆ ಹೋಗಿ ಬನ್ನಿ. ಇದನ್ನು ಕೇಳೋದಕ್ಕೆ ಸಂಕೋಚ ಪಡಬೇಡಿ.

ಈಗ ಸೊಸೆಯ ವಿಷಯ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಎಂಟು ತಿಂಗಳ ಕೂಸಿನ ತಾಯಿಯನ್ನು ಕೂಟಕ್ಕೆ ಬರಲಿಲ್ಲ ಅಂತ ಆಡಿಕೊಳ್ಳೋದು ತಪ್ಪು. ಸಮುವೇಲನ ಮೊದಲ ಪುಸ್ತಕ ನೆನಪಿಸಿಕೊಳ್ಳಿ. ಎಷ್ಟು ವರ್ಷ ಮಕ್ಕಳಿಗೆ ಆ ಕಥೆ ಹೇಳಿದ್ದೀರೋ! ಹನ್ನಳಿಗೆ ಮಗ ಹುಟ್ಟಿದ. ವರ್ಷದ ಯಜ್ಞಕ್ಕೆ ಮನೆಯವರೆಲ್ಲ ದೇವಾಲಯವಿದ್ದ ಶೀಲೋವಿಗೆ ಹೊರಟರು. ಹನ್ನಳು ಹೋಗಲಿಲ್ಲ. ಕೂಸು ಮೊಲೆ ಬಿಡುವ ತನಕ ಬರೋದಿಲ್ಲ ಅಂದಳು. ಗಂಡ ಎಲ್ಕಾನ ಏನಂದ? ನಿನಗೆ ಸರಿ ಕಂಡ ಹಾಗೆ ಮಾಡು ಅಂದ. ದೇವರಿಗೆ ಅಷ್ಟು ಹತ್ತಿರದವಳು, ಅತ್ತು ಬೇಡಿ ಮಗನನ್ನು ಪಡೆದವಳು, ಅವಳೇ ಹಬ್ಬಕ್ಕೆ ಹೋಗದೆ ಮನೆಯಲ್ಲಿ ಉಳಿದಳು. ಸತ್ಯವೇದ ಅದನ್ನು ಒಂದು ಕೊರತೆ ಅಂತ ಬರೆದಿಲ್ಲ. ನಿಮ್ಮ ಸೊಸೆಗೆ ಈಗ ಸೇವೆ ಪಡೆಯೋ ಕಾಲ. ರಾತ್ರಿ ನಿದ್ದೆ ಇರೋದಿಲ್ಲ. ಸಭೆಯವರು ಒಂದು ಡಬ್ಬಿ ಸಾರು ಕಳಿಸಲಿ, ಕೂಸನ್ನು ಒಂದು ತಾಸು ಆಡಿಸಲಿ. ಮತ್ತೆ ನಾಲ್ಕು ಮಂದಿ ಮಾತಾಡಿದಾಗ, ಅಕ್ಕಾವ್ರೇ, ಮೊದಲು ಉತ್ತರ ಕೊಡಬೇಕಾದವರು ನೀವು. ಅತ್ತೆಯಾದವರು "ನಮ್ಮ ಹುಡುಗಿ ಕೂಸಿನ ಕೂಡ ಇರ್ಲಿ, ನಾನೇ ಹೇಳೀನಿ" ಅಂದರೆ ಆ ಮಾತು ಅಲ್ಲಿಗೇ ನಿಲ್ಲುತ್ತೆ.

ಅದೇ ಕಥೆ ಮುಂದುವರಿಸಿದರೆ ಮೊಮ್ಮಗನ ಉತ್ತರವೂ ಸಿಗುತ್ತೆ. ಹನ್ನಳ ಮಗ ಸಮುವೇಲನನ್ನು ದೇವಾಲಯದಲ್ಲಿ ರಾತ್ರಿ ದೇವರು ಕರೆದ ಭಾಗ ಎಲ್ಲರಿಗೂ ಗೊತ್ತು. ಬೆಳಗಾದ ಮೇಲೆ ಸಮುವೇಲ ಏನು ಮಾಡಿದ ಅನ್ನೋದನ್ನು ಮಾತ್ರ ನಾವು ಓದಿ ಮುಂದೆ ಹೋಗುತ್ತೇವೆ. ಎದ್ದು ದೇವಾಲಯದ ಬಾಗಿಲು ತೆರೆದ. ಅದು ಅವನ ದಿನದ ಕೆಲಸ. ಅವನು ತೆರೆಯದಿದ್ದರೆ ಬಾಗಿಲು ಮುಚ್ಚಿರುತ್ತಿತ್ತು. ನಮ್ಮ ಹುಡುಗರಿಗೆ ನಾವು ಇಂಥ ಕೆಲಸ ಕೊಟ್ಟೇ ಇಲ್ಲ. ಡ್ಯಾನ್ಸು, ನಾಟಕ, ಕ್ಯಾರಲ್ ಎಲ್ಲ ಇರಲಿ, ಅದರಲ್ಲಿ ಸಂತೋಷವಿದೆ. ಆದರೆ ಅವು ಡಿಸೆಂಬರಿಗೆ ಮುಗಿಯುತ್ತವೆ. ಅವನು ಬರದಿದ್ದರೆ ನಿಂತುಹೋಗುವ ಒಂದು ಕೆಲಸ ಪ್ರತಿ ವಾರ ಅವನ ಕೈಯಲ್ಲಿರಬೇಕು. ಭಾನುವಾರ ಆರಾಧನೆಗೆ ಅರ್ಧ ತಾಸು ಮೊದಲು ಬಂದು ಬಾಗಿಲು, ಕಿಟಕಿ ತೆರೆಯೋದು. ಮೈಕ್ ನೋಡೋದು. ಮೆಟ್ಟಿಲ ಹತ್ತಿರ ನಿಂತು, ಆಟೋದಿಂದ ಇಳಿಯೋ ಹಿರಿಯರ ಕೈ ಹಿಡಿಯೋದು. ಕಣ್ಣು ಮಂಜಾದವರಿಗೆ ಅವತ್ತಿನ ಹಾಡಿನ ಪುಟ ತೆಗೆದು ಕೊಡೋದು. ಸಭಾಪಾಲಕರಿಗೆ (ಪಾಸ್ಟರ್‌ಗೆ) ಹೇಳಿ ಬೀಗದ ಕೈ ಅವನ ಹೆಸರಿಗೆ ಕೊಡಿಸಿ, ಜೊತೆಗೆ ದೊಡ್ಡವರು ಇಬ್ಬರು ಇರಲಿ. ಮಕ್ಕಳ ಜೊತೆ ಯಾವ ಕೆಲಸಕ್ಕೂ ಇಬ್ಬರು ದೊಡ್ಡವರು ಇರಬೇಕು ಅನ್ನೋ ನಿಯಮ ನಿಮ್ಮ ಸಭೆಯಲ್ಲಿ ಇಲ್ಲದಿದ್ದರೆ ಈಗಲೇ ಮಾಡಿಸಿ.

ಮನೆಯಲ್ಲೂ ಅವನಿಗೆ ಒಂದು ಕೆಲಸ ಇದೆ. ಸಮುವೇಲನಿಗೆ ದೇವರ ಧ್ವನಿ ಯಾವುದು ಅಂತ ಹೇಳಿಕೊಟ್ಟ ಮುದಿ ಯಾಜಕ ಏಲಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ, ಮಲಗಿದ್ದ. ಎದ್ದು ಬಾಗಿಲು ತೆರೆಯೋ ಶಕ್ತಿ ಹುಡುಗನದು, ಆ ಕರೆ ಯಾರದು ಅಂತ ತಿಳಿಯೋ ಅನುಭವ ಮುದುಕನದು. ಹಾಗಾಗಿ ಮೊಮ್ಮಗ ದಿನಕ್ಕೆ ಒಂದು ಕೀರ್ತನೆಯನ್ನು ಮುತ್ತಜ್ಜಿಗೆ ಗಟ್ಟಿಯಾಗಿ ಓದಿ ಹೇಳಲಿ. ಹಳೆಯ ಕನ್ನಡ ಹಾಡುಗಳ ರಾಗ ಅವರಿಗೆ ನೆನಪಿರುತ್ತೆ, ಹಾಡಿದರೆ ಅವನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಅದು ಅವರಿಬ್ಬರದೂ ಸೇವೆ. ಪುನರುತ್ಥಾನದ ನಂತರ ಯೇಸು ಪೇತ್ರನಿಗೆ, ನೀನು ಮುದುಕನಾದಾಗ ಬೇರೊಬ್ಬರು ನಿನಗೆ ನಡುಕಟ್ಟುತ್ತಾರೆ, ನಿನಗೆ ಇಷ್ಟವಿಲ್ಲದ ಕಡೆಗೆ ಕರೆದೊಯ್ಯುತ್ತಾರೆ ಅಂದ. ಅದು ಪೇತ್ರನ ಮರಣದ ಬಗ್ಗೆ ಹೇಳಿದ ಮಾತು, ಯೋಹಾನನೇ ಹಾಗೆ ವಿವರಿಸುತ್ತಾನೆ. ಆದರೂ ಅದೇ ಉಸಿರಿನಲ್ಲಿ "ನನ್ನನ್ನು ಹಿಂಬಾಲಿಸು" ಅಂದದ್ದನ್ನು ಮರೆಯಬಾರದು. ಬೇರೆಯವರ ಕೈಯಿಂದ ಮೈ ತೊಳೆಸಿಕೊಳ್ಳೋದು ಸುಲಭ ಅಲ್ಲ. ನಿಮ್ಮ ಅತ್ತೆ ಅದನ್ನು ದಿನವೂ ಮಾಡುತ್ತಿದ್ದಾರೆ. ಸಭಾಪಾಲಕರು ಮನೆಗೆ ಬಂದು ಅವರಿಗೆ ಪವಿತ್ರ ಭೋಜನ ಕೊಡುತ್ತಿಲ್ಲ ಅಂದರೆ ಮೊದಲು ಅದನ್ನು ಕೇಳಿ.

ಮಗನ ಕಾಣಿಕೆಯನ್ನು ಕಡೆಗಣಿಸಬೇಡಿ. ಯೇಸು ಊರೂರು ತಿರುಗುವಾಗ ಕೆಲವು ಹೆಂಗಸರು ತಮ್ಮ ಹಣದಿಂದಲೇ ಆ ಗುಂಪನ್ನು ಸಾಕಿದರು ಅಂತ ಲೂಕ ಹೆಸರು ಸಮೇತ ಬರೆದಿದ್ದಾನೆ. ಆದರೆ ನಲವತ್ತರ ಆಸುಪಾಸಿನಲ್ಲಿ ಹಣ ಕೊಟ್ಟರೆ ಮುಗಿಯಿತು ಅನ್ನೋ ಅಭ್ಯಾಸ ಬಂದುಬಿಡುತ್ತೆ. ಆ ವಯಸ್ಸಿನವರಿಗೆ ಅವರ ಕಸುಬಿನ ಕೆಲಸವನ್ನೇ ಕೊಡಬೇಕು. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರೋ ಊರು, ವರ್ಕ್‌ಶಾಪ್ ಇರೋ ಊರು. ನಿಮ್ಮ ಸಭೆಯಲ್ಲೂ ರೈಲ್ವೆ ಪಿಂಚಣಿಯವರು ಇದ್ದೇ ಇರುತ್ತಾರೆ. ಅವರೆಲ್ಲ ಪ್ರತಿ ನವೆಂಬರಿನಲ್ಲಿ ಬದುಕಿರುವ ಪ್ರಮಾಣಪತ್ರ ಕೊಡಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತೆ. ಈಗ ಅದನ್ನು ಫೋನಿನಲ್ಲಿ ಮುಖ ತೋರಿಸಿ ಮನೆಯಲ್ಲೇ ಮಾಡಬಹುದು. ಆದರೆ 80 ದಾಟಿದ ಒಂಟಿ ಅಜ್ಜಿಗೆ ಅದು ಹೇಗೆ ಬರಬೇಕು? ಬ್ಯಾಂಕಿನ ಹುಡುಗ ನವೆಂಬರಿನ ಎರಡು ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಮೇಜು ಹಾಕಿಕೊಂಡು ಕೂತರೆ ಎಷ್ಟು ಜನರ ಚಿಂತೆ ಕಳೆಯುತ್ತೆ! ನೀವೇ ಅವನಿಗೆ ಹೇಳಿ. "ಸಭೆಗೆ ಟೈಮ್ ಕೊಡು" ಅಂದರೆ ಕೇಳೋದಿಲ್ಲ. "ಇಂಥವರ ಫಾರ್ಮ್ ತುಂಬಿ ಕೊಡು" ಅಂದರೆ ಮಾಡುತ್ತಾನೆ.

ಇನ್ನು ನೀವು. ಎರಡು ಕೆಲಸ ಹೇಳುತ್ತೇನೆ. ಎರಡನ್ನೂ ಅತ್ತೆಯ ಆರೈಕೆ ನೋಡಿಕೊಂಡು ಆಗುವಷ್ಟೇ ಮಾಡಿ.

ಮೊದಲನೆಯದು ಸಂಡೇ ಸ್ಕೂಲಿನದೇ, ಅಂದರೆ ಆ 26ನೇ ವಚನದ ಕೆಲಸ. ಹೊಸ ಟೀಚರ್‌ಗಳಿಗೆ ಪಾಠದ ಪುಸ್ತಕ ಸಿಕ್ಕಿದೆ. ನಿಮ್ಮ ತಲೆಯಲ್ಲಿರೋದು ಸಿಕ್ಕಿಲ್ಲ. ಯಾವ ಮಗು ಗಟ್ಟಿಯಾಗಿ ಓದು ಅಂದರೆ ಹೆದರುತ್ತೆ, ಯಾರ ಅಪ್ಪ ಕೆಲಸ ಕಳೆದುಕೊಂಡಿದ್ದಾನೆ, ಯಾವ ಹುಡುಗಿ ಎರಡು ವಾರ ಬರಲಿಲ್ಲ ಅಂದರೆ ಮನೆಗೆ ಹೋಗಿ ನೋಡಲೇಬೇಕು. ಒಬ್ಬ ಟೀಚರ್ ಜೊತೆ ಕೂತು ಹಾಜರಿ ಪುಸ್ತಕ ತೆರೆದು ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಇದನ್ನು ಹೇಳಿ. ಬಾಯಿಮಾತಿನಲ್ಲೇ ಹೇಳಿ, ಬರೆದು ಕೊಡಬೇಡಿ, ಮನೆಯ ಗುಟ್ಟುಗಳು ಕಾಗದದ ಮೇಲೆ ಇರಬಾರದು. ಆಮೇಲೆ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರಿ. ಅವರು ಕಥೆ ತಪ್ಪಿ ಹೇಳಿದರೂ ಮಕ್ಕಳ ಮುಂದೆ ತಿದ್ದಬೇಡಿ. ಇದು ಕಷ್ಟ, ಗೊತ್ತು. ಆದರೆ ಹಿರಿಯರು ಹಿಂದೆ ಕೂತು ಬಾಯಿ ಹಾಕಿದ್ದಕ್ಕೇ ಕೆಲಸ ಬಿಟ್ಟುಹೋದ ಯುವಕರು ನಮ್ಮ ಸಭೆಗಳಲ್ಲಿ ಬಹಳ ಇದ್ದಾರೆ.

ಎರಡನೆಯದು ಹೊಸ ಕೆಲಸ. ಜನ ಕಿಮ್ಸ್ ಅನ್ನೋ ನಿಮ್ಮ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ. ಗದಗ, ಹಾವೇರಿ ಕಡೆಯಿಂದ ಬಂದು ಅಡ್ಮಿಟ್ ಆಗೋರು ಎಷ್ಟು ಜನ ಅಂತ ನಿಮಗೆ ಗೊತ್ತಿದೆ. ನಿಮ್ಮ ತವರಿನ ಸಭೆಯವರೂ ಬರುತ್ತಿರುತ್ತಾರೆ. ರೋಗಿಯನ್ನು ಡಾಕ್ಟರು, ನರ್ಸು ನೋಡುತ್ತಾರೆ. ಜೊತೆಗೆ ಬಂದ ಹೆಂಡತಿಯನ್ನೋ ತಾಯಿಯನ್ನೋ ನೋಡೋರು ಇಲ್ಲ. ಅವಳು ಮೂರು ದಿನದಿಂದ ಅದೇ ಸೀರೆಯಲ್ಲಿ ಮಂಚದ ಪಕ್ಕ ನೆಲದ ಮೇಲೆ ಕೂತಿರುತ್ತಾಳೆ. ಎದ್ದು ಹೋದರೆ ಡಾಕ್ಟರ್ ಬಂದುಬಿಟ್ಟರೆ ಅಂತ ಭಯ. ನೀವು ಹೋಗುವಾಗ ಹೂವು ಹಣ್ಣು ಬೇಡ. ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಥರ್ಮಾಸಿನಲ್ಲಿ ಬಿಸಿ ನೀರು, ಒಂದು ಫೋನ್ ಚಾರ್ಜರ್ ಒಯ್ಯಿರಿ. ಹೋದ ಕೂಡಲೇ ರೋಗದ ವಿಚಾರಣೆ ಬೇಡ. "ತಂಗಿ, ನಾ ಇಲ್ಲೇ ಕುಂತಿರ್ತೀನಿ. ಡಾಕ್ಟರ್ ಬಂದ್ರ ಫೋನ್ ಮಾಡ್ತೀನಿ. ನೀ ಹೋಗಿ ಮಾರಿ ತೊಳ್ಕೊಂಡು ಎರಡು ರೊಟ್ಟಿ ತಿಂದು ಬಾ" ಅನ್ನಿ. ಅಷ್ಟೇ ಸಾಕು. ಕೂರೋ ಕೆಲಸ, ಮೊಣಕಾಲಿಗೆ ಅಂಥ ತ್ರಾಸಿಲ್ಲ. ಅವರು ಪ್ರಾರ್ಥನೆ ಮಾಡಿ ಅಂದರೆ ಮೆಲ್ಲಗೆ ಮಾಡಿ. ಪಕ್ಕದ ಮಂಚದವರಿಗೆ ಕೇಳುವ ಹಾಗೆ ಬೇಡ, ಯಾರಿಗೂ ಪತ್ರಿಕೆ ಹಂಚೋದು ಬೇಡ. ಪಕ್ಕದ ಮಂಚದ ತಾಯಿ ಯಾವ ಜಾತಿ ಧರ್ಮದವಳೇ ಆಗಲಿ, ಅವಳಿಗೂ ಎರಡು ರೊಟ್ಟಿ ಜಾಸ್ತಿ ಇರಲಿ. ಬೆಟಗೇರಿಯಲ್ಲಿ ಮಿಷನ್ ಆಸ್ಪತ್ರೆ ನೋಡಿ ಬೆಳೆದವರು ನೀವು, ಇದನ್ನು ನಿಮಗೆ ಬೇರೆ ಹೇಳಬೇಕಿಲ್ಲ.

63ರಲ್ಲಿ ಹೊಸದನ್ನು ಶುರು ಮಾಡೋದಾ ಅಂತ ಅನುಮಾನ ಬಂದರೆ ಕಿಟ್ಟೆಲ್ ಅವರನ್ನು ನೆನೆಯಿರಿ. ಧಾರವಾಡದ ಕಾಲೇಜಿಗೆ ಅವರ ಹೆಸರೇ ಇದೆ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಕರ್ನಾಟಕಕ್ಕೆ ಬಂದಾಗ ಅವರಿಗೆ 21. ಅವರ ಕನ್ನಡ ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ, 62ನೇ ವಯಸ್ಸಿಗೆ. ಅದಾದ ಮೇಲೂ ಕೂತು ವ್ಯಾಕರಣ ಬರೆದರು, ಅದು 1903ರಲ್ಲಿ ಬಂತು. ಅದೇ ವರ್ಷ ತೀರಿಕೊಂಡರು. ಬಂದಾಗಿನ ಕೆಲಸ ಬೇರೆ, ಹೋಗುವಾಗಿನ ಕೆಲಸ ಬೇರೆ.

ಕಮಿಟಿಯವರ ಹತ್ತಿರ ಮಾತಾಡಬೇಕಾ ಅಂದರೆ, ಖಂಡಿತ ಮಾತಾಡಿ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಿತು. ಅಪೊಸ್ತಲರು ಬೈಯಲಿಲ್ಲ. ಕೇಳಿಸಿಕೊಂಡರು, ಏಳು ಜನರನ್ನು ಆರಿಸಿ ಅಂತ ಸಭೆಯವರಿಗೇ ಹೇಳಿದರು, ಸಭೆ ಆರಿಸಿದವರನ್ನು ಆ ಕೆಲಸಕ್ಕೆ ಇಟ್ಟರು. ನೀವೂ ಮೀಟಿಂಗಿಗೆ ಮೊದಲು ಸಭಾಪಾಲಕರನ್ನು ಒಬ್ಬರೇ ಭೇಟಿಯಾಗಿ. ನೋವಾಗಿದೆ ಅಂತ ಹೇಳಿ, ಮುಚ್ಚಿಡಬೇಡಿ. ಆಮೇಲೆ ಮೂರು ಮಾತು ಕೇಳಿ. ಆರು ತಿಂಗಳು ಹೊಸ ಟೀಚರ್‌ಗಳ ಜೊತೆ ಕೂರೋಕೆ ಅನುಮತಿ. ಕಿಮ್ಸ್‌ಗೆ ವಾರಕ್ಕೊಮ್ಮೆ ಹೋಗೋಕೆ ಸ್ತ್ರೀಯರ ಕೂಟದಿಂದ ಜೊತೆಗೊಬ್ಬರು. ನೀವು ಹೋದ ಹೊತ್ತಿನಲ್ಲಿ ಅತ್ತೆಯ ಹತ್ತಿರ ಕೂರೋಕೆ ಇನ್ನೊಬ್ಬರು. ಮೂರನೆಯದಕ್ಕೆ ಯಾರೂ ಸಿಗದಿದ್ದರೆ ಎರಡನೆಯದನ್ನು ಸದ್ಯ ಮುಂದಕ್ಕೆ ಹಾಕಿ, ಸೊಸೆಯ ತಲೆಗೆ ಅದನ್ನು ಕಟ್ಟಬೇಡಿ.